ಗಿಡಗಕ್ಕೂ ಸೋಮವಾರ

ನನ್ನ ಸೋದರಮಾವ ಇರುವೆಯನ್ನೂ ತುಳಿಯುವವರಲ್ಲ. ಈ ಮಾತನ್ನು ಹೇಳುತ್ತಿದ್ದವರು ಅವರೇ. ಮಸೂತಿ ಎಂಬ ಊರಿನ ಅವರ ಮನೆಯಲ್ಲಿ ಆ ಚಳಿಗಾಲ ನಾನು ಮೂವತ್ತೆಂಟು ದಿನ ಇದ್ದೆ. ಅಷ್ಟರಲ್ಲಿ ಇದನ್ನು ತೊಂಬತ್ತೊಂದು ಸಲ ಕೇಳಿದೆ. ಉತ್ಪ್ರೇಕ್ಷೆ ಅಲ್ಲ. ಆಗ ನನಗೆ ಹತ್ತೊಂಬತ್ತು ವರ್ಷ, ಕಂಡದ್ದು ಕೇಳಿದ್ದನ್ನೆಲ್ಲ ಎಣಿಸಿ ಬರೆದಿಡುವ ಚಟವಿತ್ತು. ಇದಾಗಿ ಮೂರು ವರ್ಷವಾದರೂ ಚಟ ಹೋಗಿಲ್ಲ.

ಇಂಡಿಯಲ್ಲಿ ಪಿಯುಸಿ ಮುಗಿಸಿ ಮನೆಯಲ್ಲಿ ಕೂತಿದ್ದೆ. ಎಪ್ಪತ್ತರ ದಶಕದ ನಡು. ಅರ್ಜಿ ಹಾಕುವುದೇ ಒಂದು ಉದ್ಯೋಗವಾಗಿದ್ದ ಕಾಲ. “ಸುಮ್ನ ಕುಂತು ಉಣ್ಣೂದಕ್ಕಿಂತ ಮಾಮನ ಹೊಲ ನೋಡಿಕೋತ ಉಣ್ಣು” ಎಂದು ಅವ್ವ ಬಸ್ಸು ಹತ್ತಿಸಿದಳು.

ಆ ವರ್ಷ ಹಿಂಗಾರಿ ಮಳೆ ಹದವಾಗಿ ಬಿದ್ದಿತ್ತು. ಮಾವನ ಎರೆ ಹೊಲದಲ್ಲಿ ಬಿಳಿಜೋಳ ಆಳೆತ್ತರ ನಿಂತಿತ್ತು. ತೆನೆ ಹಾಲುಗಾಳಿಗೆ ಬಂದ ಕೂಡಲೇ ಹಕ್ಕಿಗಳು ಬರುತ್ತವೆ: ಗುಬ್ಬಿ, ಗಿಳಿ, ಮತ್ತು ಚಳಿಗಾಲಕ್ಕೆ ಮಾತ್ರ ಎಲ್ಲಿಂದಲೋ ಮೋಡದಂತೆ ಬಂದಿಳಿಯುವ, ಕರಿತಲೆಯ, ಗುಲಾಬಿ ಮೈಯ ಕಬ್ಬಕ್ಕಿಗಳು. ಹೊಲದ ನಡುವೆ ನಾಲ್ಕು ಕಂಬ ನೆಟ್ಟು ಅಟ್ಟ ಕಟ್ಟಿ, ಅದರ ಮೇಲೆ ನಿಂತು ಕವಣೆಯಿಂದ ಮಣ್ಣಿನ ಗುಂಡು ಬೀಸಿ, ತಗಡಿನ ಡಬ್ಬಿ ಬಡಿದು, ಒದರಿ ಅವನ್ನು ಓಡಿಸುವುದು ರೂಢಿ. ಮಾವನ ಹೊಲದಲ್ಲಿ ಆ ಕೆಲಸ ಊರಿನ ಒಬ್ಬ ಮುದುಕಿಯದು. ನಾನು ಅವಳನ್ನು ಆಯಿ ಎನ್ನುತ್ತಿದ್ದೆ. ಹದಿನಾಲ್ಕು ಸುಗ್ಗಿ ಅವಳು ಆ ಅಟ್ಟದ ಮೇಲೆ ಕಳೆದಿದ್ದಳು. ಅವಳ ಗಂಟಲು ಪಕ್ಕದೂರು ಗೊಳಸಂಗಿಗೆ ಕೇಳುತ್ತದೆ ಎಂದು ಊರವರು ತಮಾಷೆ ಮಾಡುತ್ತಿದ್ದರು.

ಒಂದು ದಿನ ಅವಳ ಗುಂಡು ತಾಗಿ ಒಂದು ಕಬ್ಬಕ್ಕಿ ಸತ್ತಿತು. ಅಪರೂಪಕ್ಕೆ ಹಾಗೆ ಆಗುವುದುಂಟು. ಮಾವ ಅದನ್ನು ನೋಡಿ ಎರಡು ದಿನ ಮಂಕಾಗಿದ್ದರು. ಮೂರನೆಯ ದಿನ ತಾಳಿಕೋಟೆಯ ಸಂತೆಗೆ ಹೋಗಿ ಬಂದವರ ಮುಖ ಅರಳಿತ್ತು. ಅಲ್ಲಿ ಹಕ್ಕಿ ಹಿಡಿಯುವ ಒಬ್ಬ ಬೇಟೆಗಾರ ಕೈಮೇಲೆ ಬೇಟೆಗೆ ಪಳಗಿಸಿದ ಗಿಡಗ ಕೂರಿಸಿಕೊಂಡು ನಿಂತಿದ್ದನ್ನು ಅವರು ನೋಡಿದ್ದರು.

“ಕವಣಿ ಗುಂಡು ತಾಗಿ ಹಕ್ಕಿ ಸತ್ರ ಪಾಪ ಯಾರಿಗೆ?” ಎಂದು ನನ್ನನ್ನು ಕೇಳಿದರು.

“ಬೀಸಿದಾಕಿಗೆ?”

“ಹೊಲ ಯಾರ್ದು? ನಂದು. ಅಂದ್ರ ಪಾಪಾನೂ ನಂದು. ಅದ ಗಿಡಗ ಹೊಡದ್ರ?”

“ಗಿಡಗದ್ದು.”

“ಗಿಡಗಕ್ಕ ಎಲ್ಲೀ ಪಾಪಲೇ? ಅದು ಅದರ ಹುಟ್ಟುಗುಣ. ಅಂದ್ರ ಪಾಪ ಯಾರಿಗೂ ಇಲ್ಲ. ತಿಳೀತಿಲ್ಲೋ ಅಳಿಯಾ?”

ಇಷ್ಟು ಸಲೀಸಾಗಿ ಶೇಷ ಸೊನ್ನೆಯಾಗುವ ಭಾಗಾಕಾರವನ್ನು ನಾನು ಶಾಲೆಯಲ್ಲೂ ಕಂಡಿರಲಿಲ್ಲ.

ಮಾವ ಹೇಳಿ ಬಂದಿದ್ದಂತೆ ಗುರುವಾರ ಬೇಟೆಗಾರ ಬಂದ. ತೆಳ್ಳಗಿನ ಆಳು, ಎಡಗೈಗೆ ತೊಗಲಿನ ಚೀಲ ಸುತ್ತಿಕೊಂಡಿದ್ದ. ಅದರ ಮೇಲೆ ಪಾರಿವಾಳದಷ್ಟೇ ದೊಡ್ಡ, ಬೂದುಬೆನ್ನಿನ ಹಕ್ಕಿ. ಅದರ ಕಣ್ಣು ಕೆಂಡದ ಬಣ್ಣದ್ದು. ಅದು ನಮ್ಮನ್ನು ನೋಡಿತು, ನಾವು ತಿನ್ನಲು ಯೋಗ್ಯರಲ್ಲವೆಂದು ತೀರ್ಮಾನಿಸಿ ಬೇರೆ ಕಡೆ ನೋಡಿತು.

“ಗೌಡ್ರ, ಮುಂಜಾನೆ ಒಂದು, ಸಂಜಿಕ ಒಂದು ಹಕ್ಕಿ ಹೊಡಸ್ತೇನ್ರಿ” ಎಂದ ಅವನು. “ಹಿಂಡ ಹೆದರಿ ಹಳ್ಳದಾಚಿ ಹೋಗತೈತಿ. ನನ್ನ ಗಿಡಗದ ಹೊಟ್ಟೀನೂ ತುಂಬತೈತಿ.”

ಮಾವ ಕಿವಿ ಮುಚ್ಚಿಕೊಂಡರು. “ನಮ್ಮ ಹೊಲದಾಗ ರಕ್ತ ಬೀಳಬಾರದು.”

“ಮತ್ತ ಇದು ಬಂದು ಆರತಿ ಮಾಡತೈತೇನ್ರಿ?”

ಆಯಿ ಗೊಳ್ಳನೆ ನಕ್ಕಳು. ಮಾವ ನಗಲಿಲ್ಲ. ಪಾಪದ ಲೆಕ್ಕ ಕಾಗದದ ಮೇಲೆ ಸರಿಹೋಗಿತ್ತು, ಆದರೆ ಕಣ್ಣೆದುರು ಗರಿ ಉದುರುವುದು ಅವರಿಗೆ ಬೇಡವಾಗಿತ್ತು. “ಅಟ್ಟದ ಮ್ಯಾಲ ಕಟ್ಟು. ಉದ್ದ ಹಗ್ಗ ಬಿಡು. ಹಾರ್ಲಿ, ಹೆದರಿಸ್ಲಿ. ಆದ್ರ ಹಿಡೀಬಾರದು. ಸಂಜೀಕ ಹೊಲದ ಬದು ದಾಟಿಸಿ, ಏನ ತಿನಸ್ತೀಯೋ ತಿನಸು. ನಾ ನೋಡೂದಿಲ್ಲ.”

“ಗಿಡಗ ಅಂದ್ರ ಬೆದರಬೊಂಬಿ ಅಲ್ರಿ ಗೌಡ್ರ.”

“ಎರಡ ಚೀಲ ಜ್ವಾಳ ಕೊಡ್ತೇನಿ.”

ಅವನು ಹಕ್ಕಿಯ ಎದೆಯನ್ನು ಒಂದು ಬೆರಳಿನಿಂದ ಸವರಿದ. ತಾಳಿಕೋಟೆಯ ಹೊರಗಿನ ಗುಡಾರದಲ್ಲಿ ಅವನ ಹೆಂಡತಿ, ಮೂರು ಮಕ್ಕಳು ಇದ್ದಾರೆಂದು ಆಮೇಲೆ ತಿಳಿಯಿತು. “ಸುಗ್ಗಿ ಮುಗಿಯೂತ್ಲೆ ನನ್ನ ಹಕ್ಕಿ ನನ್ನ ಕೈಗೆ ಬರಬೇಕ್ರಿ. ಎರಡ ವರ್ಷ ಕೂಡ್ಸಿಕೊಂಡು ಕಲಿಸೇನಿ. ಇದರ ಮ್ಯಾಲ ನಮ್ಮ ಒಲಿ ಉರೀತೈತಿ.”

“ಇರುವೀನೂ ತುಳಿಯಾಂವ ಅಲ್ಲ ನಾನು” ಎಂದರು ಮಾವ. “ನಿನ್ನ ಹಕ್ಕಿಗೆ ಏನ ಮಾಡ್ಲಿ?”

ಅಂದಿನಿಂದ ನನ್ನ ಪುಸ್ತಕದಲ್ಲಿ ಅಕ್ಕಪಕ್ಕ ಎರಡು ಉದ್ದ ಸಾಲು. ಒಂದರಲ್ಲಿ ಹೊಲಕ್ಕೆ ಬಂದ ಹಿಂಡುಗಳು, ತಿಂದ ತೆನೆಗಳು, ಸತ್ತ ಹಕ್ಕಿಗಳು. ಇದನ್ನು ಬರೆಯಲು ಹೇಳಿದವರು ಮಾವ. ಇನ್ನೊಂದರಲ್ಲಿ ಗಿಡಗ ತಿಂದದ್ದು. ಅದನ್ನು ನಾನೇ ಸೇರಿಸಿದ್ದೆ.

ಮೊದಲ ಮೂರು ದಿನ ಹಿಂಡುಗಳು ಗಿಡಗ ಕಂಡು ಹೊರಳಿ ಹೋದವು. ಮಾವ ಬದುವಿನ ಮೇಲೆ ಹೋಗುವವರನ್ನೆಲ್ಲ ಕರೆದು ತೋರಿಸಿದರು. ನಾಲ್ಕನೆಯ ದಿನ ಹಕ್ಕಿಗಳಿಗೆ ತಿಳಿಯಿತು. ಹಗ್ಗ ಹನ್ನೆರಡು ಮೊಳ. ಗಿಡಗ ಎಗರಿ, ಹನ್ನೆರಡನೆಯ ಮೊಳಕ್ಕೆ ಕಾಲು ಜಗ್ಗಿ, ತಲೆಕೆಳಗಾಗಿ ತೂಗುತ್ತಿತ್ತು. ಹದಿಮೂರನೆಯ ಮೊಳದಲ್ಲಿ ಗುಬ್ಬಿಗಳು ಕೂತು ನೆಮ್ಮದಿಯಿಂದ ಕಾಳು ಹೀರುತ್ತಿದ್ದವು. ಒಂದು ಮುಂಜಾನೆಯಲ್ಲಿ ಅದು ಹಾಗೆ ತೂಗಿದ್ದು ಇಪ್ಪತ್ತಾರು ಸಲ. ಬಾಲದ ಎರಡು ಗರಿ ಮುರಿದವು. ಅಟ್ಟದ ಕೆಲಸ ತಪ್ಪಿದ ಆಯಿ ಕೆಳಗೆ ಕಳೆ ಕೀಳುತ್ತ ಹೇಳುತ್ತಿದ್ದಳು: “ನಾ ಒದರಿದ್ರ ನಂದು ಗಂಟಲ ಹೋಗ್ತಿತ್ತು, ಇದರದು ಕಾಲ ಹೊಂಟೈತಿ. ಹಕ್ಕೀಗೋಳಿಗೆ ಮಾತ್ರ ಎಲ್ಲಾ ವರ್ಷಾನೂ ಹಬ್ಬ.”

ಐದನೆಯ ದಿನ ಸೋಮವಾರ.

ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ದಿನ. ಎತ್ತಿನ ಮೈ ತೊಳೆದು, ನೊಗ ಮುಟ್ಟಿಸದೆ, ಮೇವು ಹಾಕಿ ಬಿಡುತ್ತಾರೆ. ಒಳ್ಳೆಯ ರೂಢಿ, ನಾನು ಅದನ್ನು ಗೇಲಿ ಮಾಡುವುದಿಲ್ಲ. ಮಾವ ಅದನ್ನು ಗಿಡಗಕ್ಕೂ ಅನ್ವಯಿಸಿದರು. ನಮ್ಮ ಹೊಲದಲ್ಲಿ ದುಡಿಯುವ ಜೀವಕ್ಕೆಲ್ಲ ಸೋಮವಾರ ಬಿಡುವು ಎಂದು ಅದನ್ನು ಅಟ್ಟದಿಂದ ಇಳಿಸಿ ಕೊಟ್ಟಿಗೆಯಲ್ಲಿ ಎತ್ತುಗಳ ಪಕ್ಕದ ಗೂಟಕ್ಕೆ ಕಟ್ಟಿಸಿದರು. ಗೂಟಕ್ಕೆ ವಿಭೂತಿ ಹಚ್ಚಿದರು. ಎತ್ತಿಗೆ ಮೇವು ಬಂತು. ಗಿಡಗಕ್ಕೆ ಬರುವ ಹಾಗಿರಲಿಲ್ಲ. ಸೋಮವಾರ, ಅದೂ ಮನೆಯ ಅಂಗಳಕ್ಕೆ ಮಾಂಸವೇ? ಸಂಜೆ ಒಂದು ಬುರ್ಲಿ ಹಕ್ಕಿ ಹಿಡಿದು ತಂದ ಬೇಟೆಗಾರನನ್ನು ಬಾಗಿಲಿಂದಲೇ ಕಳಿಸಿದರು.

“ಒಂದ ದಿನಾ ತಡೀತದ್ರಿ” ಎಂದು ಅವನು ನನಗೆ ಹೇಳಿದ. “ಈ ಚಳಿಯಾಗ ಎರಡ ದಿನಾ ಕಷ್ಟ. ಮೂರಂದ್ರ ಮುಗೀತು.”

ಇದನ್ನೂ ಬರೆದುಕೊಂಡೆ. ಆ ಸೋಮವಾರ ಹೊಲಕ್ಕೆ ಬಂದ ಹಿಂಡು ಒಂಬತ್ತು. ಇಡೀ ವಾರದಲ್ಲಿ ಅದೇ ಹೆಚ್ಚು. ಹಕ್ಕಿಗಳಿಗೆ ಅಟ್ಟ ಖಾಲಿ ಎಂಬುದೊಂದು ಗೊತ್ತಿದ್ದರೆ ಸಾಕಾಗಿತ್ತು.

ಬೇಟೆಗಾರ ಹಳ್ಳದ ದಂಡೆಯಲ್ಲಿ ಒಂದು ಗೋಣಿಚೀಲದ ಮರೆ ಕಟ್ಟಿಕೊಂಡು ಇದ್ದ. ನಾನು ಸಂಜೆ ಅಲ್ಲಿ ಕೂರುತ್ತಿದ್ದೆ. ಅವನು ಸತ್ತ ಗುಬ್ಬಿಯ ತೊಡೆ ಹರಿದು ಕೊಟ್ಟರೆ ಹಕ್ಕಿ ಒಂದು ಕಾಲಿನಲ್ಲಿ ಹಿಡಿದು, ಅತ್ತಿತ್ತ ನೋಡದೆ, ಅಚ್ಚುಕಟ್ಟಾಗಿ ತಿನ್ನುತ್ತಿತ್ತು. ಇದನ್ನು ಹೇಗೆ ಪಳಗಿಸಿದೆ ಎಂದು ಕೇಳಿದೆ.

“ಹಿಡದ ಹೊಸದರಾಗ ಕಣ್ಣ ರೆಪ್ಪಿ ಹೊಲದಿದ್ದೆ. ಹದಿನೈದ ದಿನಾ ಕತ್ತಲಾಗಿಟ್ಟೆ. ಆಮ್ಯಾಲ ಎಳಿ ಬಿಚ್ಚಿದೆ. ಅದು ಮೊದಲ ನೋಡಿದ್ದ ನನ್ನ ಮಾರಿ.”

ನನ್ನ ಮುಖ ಹೇಗೋ ಆಗಿರಬೇಕು.

“ಮಾರಿ ಯಾಕ ಹಂಗ ಮಾಡ್ತೀರಿ ತಮ್ಮಾರ? ನಾ ಮಾಡೇನಿ, ನಾನ ಹೇಳಾಕತ್ತೇನಿ. ಅದು ಕೊಲ್ಲತೈತಿ, ನಾ ತಿಂತೇನಿ, ಅದಕೂ ತಿನಸ್ತೇನಿ. ನಿಮ್ಮ ಮಾಮ ಏನ ಮಾಡಾಕತ್ತಾರಂತ ಅವರೇನರೆ ಹೇಳ್ತಾರೇನು?”

ಅವನ ಕೈಯಲ್ಲಿ ಆ ಹಕ್ಕಿಗೆ ನ್ಯಾಯ ಸಿಕ್ಕಿತ್ತೆಂದು ನಾನು ಹೇಳಲಾರೆ. ರೆಪ್ಪೆ ಹೊಲಿಯುವುದು ರೆಪ್ಪೆ ಹೊಲಿಯುವುದೇ. ಆದರೆ ಅವನು ಅದರ ಎಲುಬು ಮುಟ್ಟಿ ಹಸಿವೆ ಹೇಳಬಲ್ಲವನಾಗಿದ್ದ. ನನ್ನ ಮಾವ ಅದರ ಹತ್ತಿರ ಬಂದದ್ದು ಒಟ್ಟು ಎರಡು ಸಲ, ಎರಡೂ ಸಲ ವಿಭೂತಿ ಹಿಡಿದುಕೊಂಡು.

ಎಳ್ಳ ಅಮಾವಾಸ್ಯೆ ಆ ಸಲ ಮಂಗಳವಾರ ಬಂತು. ಅಂದು ಮನೆಮಂದಿಯೆಲ್ಲ ಬಂಡಿ ಕಟ್ಟಿ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಪೂಜೆ ಮಾಡಿ, ಕಡುಬು, ಸಜ್ಜಿರೊಟ್ಟಿ, ಪಲ್ಯ ಕಲಿಸಿ ಹೊಲದ ತುಂಬ ಚರಗ ಚೆಲ್ಲುವುದು. ಆ ಎಡೆಯಲ್ಲಿ ಹಕ್ಕಿಪಕ್ಷಿಗೂ ಪಾಲು. ಸಿಂದಗಿಯಿಂದ ಮಾವನ ಬೀಗರು ಸೋಮವಾರವೇ ಬರುವವರಿದ್ದರು, ಬುಧವಾರ ಮಧ್ಯಾಹ್ನದ ಊಟ ಮಾಡಿ ಹೋಗುವವರು. ಮಾವ ಭಾನುವಾರ ಸಂಜೆ ಬೇಟೆಗಾರನನ್ನು ಕರೆದು, ಹಬ್ಬಕ್ಕೆ ನಿಮ್ಮ ಮಂದಿಯ ಕಡೆ ಹೋಗಿ ಬಾ, ಬುಧವಾರದವರೆಗೆ ಹೊಲದಲ್ಲಿ ಕಾಣಬೇಡ ಎಂದರು. ಹಕ್ಕಿಯನ್ನು ಜೊತೆಗೆ ಒಯ್ಯಲು ಬಿಡಲಿಲ್ಲ. ಬೀಗರಿಗೆ ತೋರಿಸಬೇಕಿತ್ತು.

ಅವನು ಹೋಗುವ ಮುಂಚೆ ನನ್ನನ್ನು ಹಳ್ಳದ ಹತ್ತಿರ ಕರೆದ. ಒಂದು ಬುಟ್ಟಿ ಕೊಟ್ಟ. ಒಳಗೆ ಮೂರು ಗುಬ್ಬಿ, ಜೀವಂತ.

“ಇವತ್ತ ಅರ್ಧಾ ಗುಬ್ಬಿ ಅಷ್ಟ ಸಿಕ್ಕೈತಿ ಅದಕ. ನಾಳಿಂದ ದಿನಕ್ಕೊಂದು. ಕುತಗಿ ಹಿಂಗ ತಿರುವ್ರಿ, ನೋವ ಆಗೂದಿಲ್ಲ. ಕೊಡ್ತೀರಿಲ್ಲೋ?”

“ಕೊಡ್ತೇನಿ.”

“ಖರೇ?”

“ಖರೇನ. ಮಾತ ಕೊಟ್ಟೇನಿ.”

ಬುಟ್ಟಿಯನ್ನು ಕಣಕಿಯ ಬಣವೆಯ ಹಿಂದೆ ಇಟ್ಟೆ. ಸೋಮವಾರ ಮುಂಜಾನೆ ಎರಡು ಸಲ ಅದರ ಹತ್ತಿರ ಹೋದೆ. ಒಂದು ಗುಬ್ಬಿಯನ್ನು ಕೈಯಲ್ಲಿ ಹಿಡಿದೆ. ಅದರ ಎದೆ ನನ್ನ ಹೆಬ್ಬೆರಳಿಗೆ ಬಡಿಯುತ್ತಿತ್ತು. ಮತ್ತೆ ಒಳಗೆ ಬಿಟ್ಟೆ. ಸಂಜೆ ಕೊಟ್ಟರಾಯಿತು ಎಂದುಕೊಂಡೆ.

ಮಧ್ಯಾಹ್ನ ಬೀಗರಿಗೆ ಬಣವೆ ತೋರಿಸುತ್ತಿದ್ದ ಮಾವ ಬುಟ್ಟಿಯನ್ನು ಕಂಡರು.

“ಇದು ಯಾರದು?”

ಬೇಟೆಗಾರನದು ಎಂದೆ. ಅಷ್ಟೇ ಎಂದೆ.

ಮಾವ ಬುಟ್ಟಿಯನ್ನು ಅಂಗಳದ ನಡುವೆ ತಂದು, ಬೀಗರೆಲ್ಲ ಸುತ್ತ ನೆರೆಯುವವರೆಗೆ ಕಾದು, ಮುಚ್ಚಳ ತೆಗೆದರು. ಮೂರೂ ಗುಬ್ಬಿಗಳು ಭುರ್ರನೆ ಮಾಳಿಗೆ ಏರಿದವು. “ಇವತ್ತ ಮೂರ ಜೀವ ಉಳದ್ವು ನೋಡ್ರಿ” ಎಂದರು. ಬೀಗರ ಹಿರಿಯರು ಕೈಮುಗಿದರು. ಬೀಗತಿಯೊಬ್ಬರು ಕಣ್ಣೊರೆಸಿಕೊಂಡರು. ಆ ಮೂರು ಗುಬ್ಬಿಗಳು ಅಲ್ಲಿಂದ ನೇರ ಜೋಳದ ಹೊಲಕ್ಕೆ ಹೋದವು. ಅದನ್ನು ಯಾರೂ ನೋಡಲಿಲ್ಲ.

ನಾನು ಬಾಯಿ ತೆರೆಯಬಹುದಿತ್ತು. ತೆರೆಯಲಿಲ್ಲ. ನನಗೆ ಆದದ್ದು ಸಮಾಧಾನ ಎಂಬುದನ್ನು ಇಲ್ಲಿ ಬರೆಯಲೇಬೇಕು. ಕುತ್ತಿಗೆ ತಿರುವುವ ಕೆಲಸ ತಪ್ಪಿತ್ತು, ತಪ್ಪಿಸಿದ್ದು ಇನ್ನೊಬ್ಬರು. ಆ ಕ್ಷಣದಲ್ಲಿ ನಾನು ಪೂರ್ತಿಯಾಗಿ ನನ್ನ ಮಾವನ ಅಳಿಯನೇ ಆಗಿದ್ದೆ.

ಸಂಜೆ, “ಮಾಮಾ, ಗಿಡಗ ಉಪಾಸ ಐತಿ” ಎಂದೆ.

“ಹಾಲ-ರೊಟ್ಟಿ ಹಾಕು. ನಮ್ಮ ಬೆಕ್ಕ ತಿನ್ನೂದಿಲ್ಲೇನು? ರೂಢಿ ಆಗ್ತದ. ಒಳ್ಳೇರ ಮನ್ಯಾಗ ಬಂದೈತಿ, ಒಳ್ಳೇದ ಕಲೀಲಿ.”

ಹಿತ್ತಾಳೆಯ ಬಟ್ಟಲಲ್ಲಿ ಹಾಲು-ರೊಟ್ಟಿ ಕೊಟ್ಟಿಗೆಗೆ ಹೋಯಿತು. ಗಿಡಗ ಬಟ್ಟಲಿನ ಅಂಚಿನ ಮೇಲೆ ಕೂತು ನನ್ನನ್ನು ನೋಡಿತು. ಅರ್ಧ ತಾಸಿನ ಮೇಲೆ ಬೆಕ್ಕು ಬಂದು ತಿಂದಿತು.

ಮಂಗಳವಾರ ಅದನ್ನು ಅಟ್ಟಕ್ಕೆ ಏರಿಸಿದರು. ಬೀಗರು ಬಂಡಿಯಿಂದಿಳಿದು ಹೊಲ ಹೊಕ್ಕು ಅದನ್ನೇ ಮೊದಲು ನೋಡಿದರು. ಚರಗ ಚೆಲ್ಲುವಾಗ ಹಿಂಡು ಇಳಿಯಿತು. ಗಿಡಗ ಎಗರಲಿಲ್ಲ. ಗರಿ ಉಬ್ಬಿಸಿಕೊಂಡು, ಒಂದು ಕಣ್ಣು ಅರ್ಧ ಮುಚ್ಚಿ ಕೂತಿತ್ತು. “ನೋಡ್ರಿ, ಎಷ್ಟ ಶಾಂತ ಆಗೈತಿ!” ಎಂದರು ಮಾವ. “ಎಳಿ ಜೀವ ಕಂಡರೂ ಹಾಯೂದಿಲ್ಲ. ಸಹವಾಸ ಗುಣ.” ಬೀಗರು ತಲೆದೂಗಿದರು. ಹೊಲದ ಅಂಚಿನಲ್ಲಿ ಎಲೆ ಹಾಕಿಸಿಕೊಂಡು ಕೂತಿದ್ದ ಆಯಿ ಮಾತ್ರ ನನ್ನ ಕಡೆ ಬಾಗಿ, “ತಮ್ಮಾ, ಅದು ಶಾಂತ ಆಗಿಲ್ಲ. ಸಾಯಾಕತ್ತೈತಿ” ಎಂದಳು.

ಅಷ್ಟು ಮಂದಿ ಎದುರು ಅದಕ್ಕೆ ತಿನ್ನಿಸಲು ನಾನು ಏನನ್ನು ಹುಡುಕಿಕೊಂಡು ಹೋಗಲಿ, ಹಬ್ಬದ ದಿನ? ಹೀಗೆ ನನಗೆ ನಾನೇ ಕೇಳಿಕೊಂಡು ಉತ್ತರವನ್ನೂ ಕೊಟ್ಟುಕೊಂಡೆ. ಪುಸ್ತಕ ತೆಗೆದು ಎರಡನೆಯ ಸಾಲಿನಲ್ಲಿ ಸೊನ್ನೆ ಬರೆದೆ. ಅದರ ಮೇಲಿನದೂ ಸೊನ್ನೆ.

ಬುಧವಾರ ಊಟಕ್ಕೆ ಇನ್ನೂ ಹೊತ್ತಿತ್ತು, ಬೇಟೆಗಾರ ಬಂದ. ಅಂಗಳಕ್ಕೆ ಬರಬಾರದೆಂಬುದನ್ನು ಮರೆತವನಂತೆ, ಹಿಂದಿನ ಸಂಜೆ ಹಕ್ಕಿಯನ್ನು ಮತ್ತೆ ತಂದು ಕಟ್ಟಿದ್ದ ಕೊಟ್ಟಿಗೆಗೆ ನೇರ ಹೋದ. ಹಕ್ಕಿಯ ಎದೆಗೆ ಬೆರಳಿಟ್ಟ. ಹಗ್ಗ ಬಿಚ್ಚಿ ಅದನ್ನು ಅಂಗಿಯ ಒಳಗೆ, ಮೈಗೆ ಹತ್ತಿಸಿಕೊಂಡ.

“ಸುಗ್ಗಿ ಮುಗದಿಲ್ಲಲ್ಲೋ” ಎಂದರು ಮಾವ.

“ಹಕ್ಕಿ ಮುಗದೈತ್ರಿ ಗೌಡ್ರ.”

“ಏನ ಮಾತಾಡ್ತಿ? ಹಾಲ ಹಾಕೇವಿ, ರೊಟ್ಟಿ ಹಾಕೇವಿ. ಹಬ್ಬದಾಗ ಜೀವ ತಗಿಯೂದು ನಮ್ಮ ಮನೆತನದಾಗ ಇಲ್ಲ.”

ಅವನು ಮಾವನನ್ನು ಬಿಟ್ಟು ನನ್ನ ಕಡೆ ತಿರುಗಿದ. ಅಲ್ಲಿಯವರೆಗೆ ಬಹುವಚನ ಬಿಡದವನು ಈಗ ಬಿಟ್ಟ. “ನೀ ಮಾತ ಕೊಟ್ಟಿದ್ದಿ.”

ಬೀಗರೆಲ್ಲ ನನ್ನನ್ನು ನೋಡಿದರು. ಮಾವನಿಗೆ ಮರ್ಯಾದೆಯ ಪ್ರಶ್ನೆ ಬಂತು. “ಅಳಿಯಾ, ನಿನ್ನ ಪುಸ್ತಕ ತಾ. ಗಿಡಗ ಬಂದ ಮ್ಯಾಲ ನಮ್ಮ ಹೊಲದಾಗ ಎಷ್ಟ ಜೀವ ಹೋಗ್ಯಾವು? ಓದು, ಎಲ್ಲಾರಿಗೂ ಕೇಳ್ಲಿ.”

ಪುಸ್ತಕ ತಂದೆ. ಇಪ್ಪತ್ತೊಂದು ದಿನ. ಸತ್ತ ಹಕ್ಕಿ: ಇಲ್ಲ. ಗಟ್ಟಿಯಾಗಿ ಓದಿದೆ.

“ಕೇಳಿದ್ರಿಲ್ಲೋ?” ಎಂದರು ಮಾವ.

“ಪಕ್ಕದ ಸಾಲೂ ಓದಪಾ” ಎಂದಳು ಕಸಬರಿಗೆ ಹಿಡಿದು ನಿಂತಿದ್ದ ಆಯಿ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ನಾನು ದಿನಾ ಎರಡು ಕಡೆ ಬರೆಯುವುದನ್ನು ನೋಡಿದ್ದಳು.

ಪುಸ್ತಕ ಮುಚ್ಚಿದೆ. ಬೇಟೆಗಾರ ಆಗಲೇ ಅಂಗಳ ದಾಟಿ ಹೋಗಿದ್ದ.

ಹತ್ತು ದಿನದ ಮೇಲೆ ಮಾವ ಒಂದು ಚೀಲ ಜೋಳ ಕಟ್ಟಿಸಿ, ಅರ್ಧವಾದರೂ ಕೊಟ್ಟರೆ ನಮಗೆ ಋಣವಿರುವುದಿಲ್ಲ ಎಂದು ನನ್ನ ಕೈಯಲ್ಲಿ ತಾಳಿಕೋಟೆಗೆ ಕಳಿಸಿದರು. ಮುದ್ದೇಬಿಹಾಳದಲ್ಲಿ ಬಸ್ಸು ಬದಲಿಸಿ ಹೋದೆ. ಬೇಟೆಗಾರ ಅದನ್ನು ವಾಪಸು ಎಸೆಯುತ್ತಾನೆ ಎಂದು ದಾರಿಯುದ್ದಕ್ಕೂ ಊಹಿಸಿಕೊಂಡಿದ್ದೆ. ಸ್ವಲ್ಪ ಆಸೆಯೂ ಇತ್ತು, ಎಸೆದರೆ ನನ್ನ ಭಾರ ಇಳಿಯುತ್ತಿತ್ತು. ಅವನು ಎಸೆಯಲಿಲ್ಲ. ಚೀಲವನ್ನು ಹೆಂಡತಿಗೆ ಕೊಟ್ಟ. “ಜ್ವಾಳದ ಮ್ಯಾಲೇನ ಸಿಟ್ಟ?” ಎಂದ. ಅವಳು ಅಲ್ಲೇ ಕೂತು ಮೊರ ತೆಗೆದು ಹಸನು ಮಾಡತೊಡಗಿದಳು.

ಗುಡಾರದ ಮುಂದಿನ ಅಡ್ಡಕೋಲು ಖಾಲಿ ಇತ್ತು. ಅವನು ಕೂದಲಿನ ಉರುಲುಗಳನ್ನು ಹೆಣೆಯುತ್ತಿದ್ದ. ಇನ್ನು ಹಕ್ಕಿ ಹಿಡಿಯುವುದು ಅದರಿಂದಲೇ.

“ಯಾವಾಗ ಹೋತು?” ಎಂದು ಕೇಳಿದೆ.

“ಯಾಕ, ಬರಕೊಳ್ಳಾಕ?”

ನನ್ನ ಕೈ ನಿಜವಾಗಿಯೂ ಅಂಗಿಯ ಜೇಬಿನ ಹತ್ತಿರ ಇತ್ತು. ಕೆಳಗಿಳಿಸಿದೆ.

“ಅವತ್ತ” ಎಂದ, ಉರುಲಿನಿಂದ ಕಣ್ಣೆತ್ತದೆ. “ಗೊಳಸಂಗಿ ಮುಟ್ಟೂದರಾಗ. ಅಂಗಿ ಒಳಗ ಒಂದ ಸಲ ಉಗುರ ಊರಿತು. ಆಮ್ಯಾಲ ಬಿಡ್ತು.”

ವಾಪಸು ಬರುವಾಗ ಬಸ್ಸಿನಲ್ಲಿ ಲೆಕ್ಕ ಹಾಕಿದೆ. ಮಸೂತಿಯಿಂದ ಗೊಳಸಂಗಿಗೆ ಅವನ ಕಾಲ್ನಡಿಗೆಗೆ ಹೆಚ್ಚೆಂದರೆ ಒಂದೂವರೆ ತಾಸು. ಆ ಹೊತ್ತಿಗೆ ನಾವು ಬೀಗರ ಜೊತೆ ಪಂಕ್ತಿಯಲ್ಲಿ ಕೂತಿದ್ದೆವು. ಮಾವ ನನ್ನ ಎಲೆಯ ಕಡೆ ಬೆರಳು ತೋರಿಸಿ, “ಅಳಿಯಗ ಇನ್ನೊಂದ ಹೋಳಿಗಿ ಹಾಕ್ರಿ, ಚಲೋ ಓದಿದಾ” ಎಂದಿದ್ದರು. ಹಾಕಿದರು. ತುಪ್ಪವನ್ನೂ ಹಾಕಿದರು. ನಾನು ತಿಂದೆ.